ಅಜ್ಜನ ಗಿಡ

ಚನ್ನಗಿರಿಯಿಂದ ನ್ಯಾಮತಿ ಕಡೆಗೆ ಸೊಸೆಯಾಗಿ ಬಂದಾಗ ನನಗೆ ಮೊದಲು ಕಲಿಸಿದ್ದು ಒಂದು ಮಾತು. ನಮ್ಮ ಹೊಲದ ಬದಿಯ ಗದ್ದುಗೆಯಲ್ಲಿ ಸಮಾಧಿಯಾಗಿರುವ ಸಾಧುವಿಗೆ ಹೆಸರಿಲ್ಲ, ಬರೀ ಅಜ್ಜ ಎನ್ನಬೇಕು. ಯಾವ ಕಾಲದವರೋ ಯಾರಿಗೂ ಗೊತ್ತಿಲ್ಲ. ಗದ್ದುಗೆಯ ಗೋಡೆ ಪಕ್ಕದ ಒಂಟಿ ಭಂಗಿ ಗಿಡ, ಪೇಟೆಯವರು ಗಾಂಜಾ ಎನ್ನುವುದು, ಅದೂ ಅಜ್ಜನದೇ. ಅಮಾವಾಸ್ಯೆಗೆ ಮಾವ ಅದರ ಒಂದು ಚಿಟಿಕೆ ಒಣಸೊಪ್ಪನ್ನು ಮಣ್ಣಿನ ಚಿಲುಮೆಗೆ ತುಂಬಿ, ಕೆಂಡ ಹಾಕಿ, ಗದ್ದುಗೆಯ ಮುಂದಿಟ್ಟು ಕೈಮುಗಿಯುತ್ತಿದ್ದರು. ಹೊಗೆ ತಾನೇ ಆಡಿ ತಾನೇ ಹೋಗುತ್ತಿತ್ತು. ಮಾವ ಬೀಡಿಯನ್ನೂ ಮುಟ್ಟಿದವರಲ್ಲ.

ಹೋದ ವರ್ಷ ಯಾರೋ ಪುಣ್ಯಾತ್ಮರು ಫೋನು ಮಾಡಿದರು, ಅಬಕಾರಿಯವರ ಜೀಪು ಬಂತು.

"ಯಾರದು ಈ ಗಿಡ?"

"ಅಜ್ಜಂದು ಸ್ವಾಮಿ," ಎಂದರು ಮಾವ.

ಸಾಹೇಬರು ಹೊರಗಿನವರು. ನಮ್ಮ ಮನೆಯಲ್ಲೊಬ್ಬ ಅಜ್ಜ ಇರಬೇಕೆಂದು ತಿಳಿದರು. "ಎಲ್ಲಿದ್ದಾನೆ? ಕರೀರಿ."

"ಇಲ್ಲೇ ಅದಾರ್ರೀ."

"ವಯಸ್ಸೆಷ್ಟು?"

"ನಮ್ಮ ಮುತ್ತಜ್ಜ ಹುಟ್ಟಾಕೂ ಮುಂಚಿನೋರು."

ಮುದುಕ ತಮ್ಮನ್ನು ಆಡಿಕೊಳ್ಳುತ್ತಿದ್ದಾನೆಂದು ಸಾಹೇಬರ ಮುಖ ಕೆಂಪಗಾಯಿತು. ನಾನು ಅಡ್ಡ ಬಂದು, ಗದ್ದುಗೆ ತೋರಿಸಿ ಬಿಡಿಸಿ ಹೇಳಿದೆ. ಸಿಟ್ಟು ಇಳಿಯಲಿಲ್ಲ. "ಹಾಗಾದ್ರೆ ಆ ಅಜ್ಜನನ್ನೇ ಒಂದನೇ ಆರೋಪಿ ಮಾಡ್ತೀನಿ," ಎಂದು ಪೆನ್ನು ತೆಗೆದರು. ಅದು ಬರೀ ಕುಹಕ. ಮಾವ ನಿಜವೆಂದುಕೊಂಡು ಕೈಮುಗಿದರು.

"ಅಜ್ಜನ ಹೆಸರು ಬರೀಬ್ಯಾಡ್ರಿ ಸ್ವಾಮಿ. ನಂದು. ನಂದೇ ಅಂತ ಬರಕೊಳ್ರಿ."

ಬರೆದುಕೊಂಡರು. ಗಿಡ ಕಿತ್ತು, ಮಾವನನ್ನೂ ಜೀಪಿಗೆ ಹತ್ತಿಸಿದರು. ಜಾಮೀನು ಸಿಗುವುದರೊಳಗೆ ಒಂದು ಅಮಾವಾಸ್ಯೆ ಕಳೆದುಹೋಗಿತ್ತು. ಮನೆಗೆ ಬಂದವರು ಮೊದಲು, "ಚಿಲುಮೆ ಯಾರು ಇಟ್ರವ್ವಾ?" ಎಂದು ಕೇಳಿದರು. ಯಾರೂ ಇಟ್ಟಿರಲಿಲ್ಲ. ನನಗೆ ಅಳು ಬಂತು.

ಕಾನೂನೇ ಬೇಡ ಎನ್ನುವವಳಲ್ಲ ನಾನು. ತವರಿನಲ್ಲಿ ನನ್ನಣ್ಣನ ಮಗ ಗಾಂಜಾ ಸೇದಿ ಸೇದಿ ಹಾಳಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವನಿಗೆ ಅದನ್ನು ಮಾರಿದವರು ಸಿಗಲಿಲ್ಲ, ನಮ್ಮ ಮಾವ ಸಿಕ್ಕರು. ವೈನ್ ಶಾಪಿನ ಮುಂದೆ ಕುಡಿದು ಬಿದ್ದವರನ್ನು ದಾಟಿಕೊಂಡೇ ನಾವು ಕೋರ್ಟಿಗೆ ಬಸ್ಸು ಹತ್ತಬೇಕು. ಆ ಅಂಗಡಿಗೆ ಲೈಸೆನ್ಸ್ ಇದೆ, ಸರ್ಕಾರಕ್ಕೆ ತೆರಿಗೆ ಬರುತ್ತದೆ. ನೆನೆದರೆ ಮೈ ಉರಿಯುತ್ತದೆ.

ಮೊನ್ನೆ ಟೀವಿಯಲ್ಲಿ, ಗಾಂಜಾಕ್ಕೂ ಲೈಸೆನ್ಸ್ ಕೊಟ್ಟು ತೆರಿಗೆ ಹಾಕಬೇಕೋ ಬೇಡವೋ ಎಂದು ನಾಲ್ಕು ಜನ ಕೂತು ಕೂಗಾಡುತ್ತಿದ್ದರು. ಮಾವ ಉಣ್ಣುವುದನ್ನು ಬಿಟ್ಟು ಕೇಳಿಸಿಕೊಂಡರು.

"ಲೈಸೆನ್ಸ್ ಯಾರ ಹೆಸರಿಗೆ ಕೊಡ್ತಾರವ್ವಾ? ಅಜ್ಜನ ಹೆಸರಿಗೆ ಕೊಡ್ತಾರಾ?"

"ಅಜ್ಜನ ಆಧಾರ್ ಕಾರ್ಡ್ ಎಲ್ಲಿಂದ ತರಾಣ ಮಾವಾ? ನಿಮ್ಮ ಹೆಸರಿಗೇ ತಗೊಂಡ್ರಾತು," ಎಂದು ನಕ್ಕೆ.

ಅವರು ನಗಲಿಲ್ಲ. "ನನ್ನ ಹೆಸರಿಗೆ ಬ್ಯಾಡ. ಅದು ನಂದಲ್ಲ."

ನನಗೆ ರೇಗಿತು. ಅವತ್ತು ಆಡಿದ 'ನಂದು' ಎಂಬ ಒಂದೇ ಮಾತಿನ ಮೇಲೆ ಕೇಸು ನಿಂತಿದೆ. ಗಿಡ ತಾನಾಗಿ ಹುಟ್ಟಿದ್ದು, ನನ್ನದಲ್ಲ ಎಂದುಬಿಡಿ ಎಂದು ವಕೀಲರು ಹೇಳಿ ಹೇಳಿ ಸೋತಿದ್ದಾರೆ.

"ಸೋಮವಾರ ಜಡ್ಜ್ ಸಾಹೇಬ್ರು ಕೇಳ್ತಾರೆ. ಅವರ ಮುಂದೂ ಹಿಂಗೇ ನಂದಲ್ಲ ಅಂತೀರಾ?" ಎಂದೆ, ಆಸೆಯಿಂದ.

ಮಾವ ತಟ್ಟೆಯಲ್ಲೇ ಕೈ ತೊಳೆದರು.

"ಅಲ್ಲಿ ನಂದು ಅಂತೀನವ್ವ. ಇಲ್ಲಾಂದ್ರೆ ಅಜ್ಜನ್ನ ಕರೀತಾರೆ."