ಮೀರಾಹುಸೇನರ ಮೊದಲ ಸುತ್ತು

ಮಾನ್ವಿಯ ಮೀರಾಹುಸೇನರ ಅಂಗಡಿಯಲ್ಲಿ ಸೈಕಲ್ ಕೊಂಡವರು ಅದನ್ನು ತಾವೇ ಮೊದಲು ತುಳಿಯುವಂತಿಲ್ಲ. ಜೋಡಿಸಿದ ಮೇಲೆ ಮೀರಾಹುಸೇನರೇ ಹತ್ತಿ, ನೀರಿನ ಟಾಕಿಯವರೆಗೆ ಹೋಗಿ, ಜೋರಾಗಿ ಬ್ರೇಕು ಹಿಡಿದು ನೋಡಿ, ಹೊರಳಿ ಬರಬೇಕು. ಬಿದ್ದರೆ ಅವರೇ ಬೀಳಬೇಕು. ಇಷ್ಟು ವರ್ಷ ಇದನ್ನು ನಾನು ಗಿರಾಕಿಯ ಹೊಸ ಸೈಕಲ್ಲಿನ ಮೇಲೆ ಮುದುಕನ ಪುಕ್ಕಟೆ ಸವಾರಿ ಎಂದುಕೊಂಡು ನಗುತ್ತಿದ್ದೆ.

ಡಾಕ್ಟರು ನನ್ನ ಸಕ್ಕರೆ ಕಾಯಿಲೆಗೆ ಸೈಕಲ್ ತುಳಿಯಲು ಹೇಳಿದಾಗ, ತೆಳು ಗಾಲಿಯ, ಬಾಗಿದ ಹ್ಯಾಂಡಲ್ಲಿನ ರೋಡ್ ಸೈಕಲ್ಲೇ ಬೇಕೆಂದು ಅವರಲ್ಲಿಗೆ ಹೋದೆ. ಆ ಹ್ಯಾಂಡಲ್ಲಿಗೂ ನನ್ನ ಹೊಟ್ಟೆಗೂ ಹೇಗೆ ಹೊಂದಿಕೆ ಎಂದು ಅವರು ಕೇಳಲಿಲ್ಲ, ದೊಡ್ಡ ಮನುಷ್ಯ.

"ರಾಯಚೂರಿಂದ ತರಿಸಿಕೊಡ್ತೀನ್ರಿ ಸರ್. ಎಂಟು ದಿನ ತಡೀರಿ."

ಹೂಂ ಎಂದು ಮನೆಗೆ ಬಂದವನೇ, ಎರಡು ಸಾವಿರ ಕಡಿಮೆಗೆ ಸಿಕ್ಕಿತೆಂದು ಮೊಬೈಲಿನಲ್ಲಿ ಆರ್ಡರ್ ಮಾಡಿಬಿಟ್ಟೆ.

ಪೆಟ್ಟಿಗೆ ಬಂತು. ವಿಡಿಯೋ ನೋಡಿ ನಾನೇ ಜೋಡಿಸಿದೆ. ನಾಚಿಕೆಗೆ ನಾಲ್ಕು ದಿನ ಹಿಂದಿನ ಓಣಿಯಲ್ಲೇ ತುಳಿದೆ. ಆದರೆ ಭಾನುವಾರ ಕವಿತಾಳದವರೆಗೆ ಹೋಗುತ್ತೇನೆಂದು ಊರಿಗೆಲ್ಲ ಹೇಳಿಕೊಂಡಿದ್ದೆ. ಆ ರಸ್ತೆಗೆ ಅವರ ಅಂಗಡಿ ದಾಟಿಯೇ ಹೋಗಬೇಕು.

"ಸರ್, ಇಳೀರಿ!"

ಮಾತು ಕೇಳಿಸಿಕೊಳ್ಳಲು ಸಿದ್ಧನಾಗಿ ಇಳಿದೆ. ಮೀರಾಹುಸೇನರು ನನ್ನ ಮುಖ ನೋಡಲೇ ಇಲ್ಲ. ಮುಂದಿನ ಗಾಲಿಯನ್ನು ಹಿಡಿದಿರುವ ಚಿಮಟಾ ನೋಡುತ್ತಿದ್ದರು.

"ಯಾರ್ರಿ ಜೋಡಿಸಿದ್ದು?"

"ನಾನೇ ರೀ."

"ಚಿಮಟಾ ಹಿಂದಮುಂದ ಆಗ್ಯದ. ಇಳಕಲದಾಗ ಬ್ರೇಕ್ ಹಿಡದಿದ್ರ ಹಲ್ಲು ಆರಿಸ್ಕೊಂಡು ಬರಬೇಕಿತ್ತು."

ಸ್ಟೂಲಿನ ಮೇಲೆ ಕೂತಿದ್ದ ಅವರ ಹೆಂಡತಿಯ ತಮ್ಮ ಮುಕರ್ರಂ ನಕ್ಕ. "ಬಿಡು ಭಾಯಿ, ಸರ್ ಕವಿತಾಳಕ್ಕ ಹಿಂದಹಿಂದಕ್ಕ ಹೊಂಟಿದ್ರು ಕಾಣಸ್ತದ!"

ಮೀರಾಹುಸೇನರು ನಗಲಿಲ್ಲ. ಪಾನಾ ಹಿಡಿದು ಬಿಚ್ಚುತ್ತ ಹೇಳಿದರು: "ಇವನ ಸೈಕಲ್ ನಾನೇ ಜೋಡಿಸಿದ್ದೆ ಸರ್. ರಂಜಾನ್ ಹಬ್ಬದ ಹಿಂದಿನ ದಿನ, ಗಿರಾಕಿ ಗದ್ಲ. ಮುಂದಿನ ಗಾಲಿ ನಟ್ ಬಿಗೀಲಿಲ್ಲ. ದೇವದುರ್ಗದಾಗ ಅವರವ್ವಗ ತೋರಸ್ತೀನಂತ ಹೊಂಟಿದ್ದ. ಊರು ಮುಟ್ಟಲಿಲ್ಲ."

ಮುಕರ್ರಂನ ಎಡಗಾಲು ಗಿಡ್ಡ. ಅದು ಹುಟ್ಟಿನಿಂದ ಬಂದದ್ದೆಂದು ತಿಳಿದಿದ್ದೆ. ಇಪ್ಪತ್ತು ವರ್ಷ ಅವನ ಪಕ್ಕ ಕೂತು ಚಹಾ ಕುಡಿದವನು ಒಮ್ಮೆಯೂ ಕೇಳಿರಲಿಲ್ಲ.

"ಎಷ್ಟು ಸಲ ಹೇಳ್ತಿ ಭಾಯಿ? ಆ ಕಾಲಿನ ದೆಸಿಲಿಂದ ನನಗ ದಿನಾ ಚಾ ಪುಕ್ಕಟೆ ಸಿಗಾಕತ್ತದ" ಎಂದ ಮುಕರ್ರಂ.

ಚಿಮಟಾ ಸರಿಯಾಯಿತು. ನಾನು ಹ್ಯಾಂಡಲ್ಲಿಗೆ ಕೈ ಹಾಕಿದೆ.

"ತಡೀರಿ. ಸುತ್ತು ಆಗಬೇಕು."

"ಇದು ನೀವು ಮಾರಿದ್ದಲ್ಲಲ್ರಿ."

"ಕೈ ಹಚ್ಚೀನಲ್ರಿ."

ಅವರ ಮೊಣಕಾಲುಗಳು ಸವೆದಿದ್ದವು. ಇನ್ನು ಪೆಡಲ್ ತುಳಿಯಬೇಡಿ ಎಂದು ರಾಯಚೂರಿನ ಡಾಕ್ಟರು ಹೇಳಿದ್ದು ಬಜಾರಿಗೆಲ್ಲ ಗೊತ್ತು. ನಾನೇ ಹೋಗಿಬರುತ್ತೇನೆಂದರೆ ಕೇಳಲಿಲ್ಲ. ಲುಂಗಿ ಎತ್ತಿಕಟ್ಟಿ, ಹಲ್ಲು ಕಚ್ಚಿ ಹತ್ತಿದರು. ಸೈಕಲ್ ತೂರಾಡಿ, ಆಮೇಲೆ ನೆಟ್ಟಗಾಯಿತು.

ಮುಕರ್ರಂ ಸ್ಟೂಲಿನಿಂದ ಎದ್ದು, ಅಂಗಡಿಯ ಕಂಬ ಹಿಡಿದು ಒಂಟಿಕಾಲಿನ ಮೇಲೆ ನಿಂತ.

"ಕುಂದ್ರಪಾ, ಬರ್ತಾರ" ಎಂದೆ.

"ಅವ ಬರೋತನಕ ನಾ ಕುಂದ್ರಂಗಿಲ್ರಿ."

ಟಾಕಿಯ ಹತ್ತಿರ ಭತ್ತದ ಲಾರಿಯೊಂದು ಅಡ್ಡ ಬಂತು. ಮೀರಾಹುಸೇನರು ಕಾಣಲಿಲ್ಲ. ಮುಕರ್ರಂ ಕಂಬವನ್ನು ಬಿಗಿಯಾಗಿ ಹಿಡಿದ.

ಲಾರಿ ಸರಿಯಿತು. ಅವರು ಹೊರಳಿ ಬಂದು, ಬ್ರೇಕು ಹಿಡಿದು, ನೆಲಕ್ಕೆ ಕಾಲೂರಿದರು.

ಆಗ ಮುಕರ್ರಂ ಕೂತ.