ಮಗ್ಗ ನಿಂತ ಹೊತ್ತು

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಪಿಸುಮಾತು ಎಂಬ ಪದಾರ್ಥವೇ ಇಲ್ಲ. ಎರಡೂ ಕಡೆ ಒತ್ತೊತ್ತಾಗಿ ಮನೆಗಳು, ಮನೆಗೆ ಎರಡೋ ನಾಲ್ಕೋ ಕರೆಂಟಿನ ಮಗ್ಗ. ಬೆಳಗಾಯಿತೆಂದರೆ ಲಾಳಿಗಳ ಬಡಿದಾಟ ಶುರು. ಅಲ್ಲಿ ಗುಟ್ಟು ಹೇಳುವವರೂ ಕಿರುಚಿಯೇ ಹೇಳಬೇಕು. ಅದಕ್ಕೇ ಜನ ಅರ್ಧ ಮಾತನ್ನು ಕೈಯಲ್ಲೇ ಮುಗಿಸುತ್ತಾರೆ. ಊಟಕ್ಕೆ ಏಳು ಎನ್ನಲು ಬಾಯಿಯತ್ತ ಬೆರಳು, ಯಾರೋ ಬಂದಿದ್ದಾರೆ ಎನ್ನಲು ಬಾಗಿಲತ್ತ ಗದ್ದ. ಗಂಡನನ್ನು ಕರೆಯಬೇಕಾದರೆ ಹೆಂಡತಿ ಕೂಗುವುದಿಲ್ಲ, ಬಂದು ತೋಳು ತಟ್ಟುತ್ತಾಳೆ.

ವರಲಕ್ಷ್ಮಮ್ಮ ಹುಟ್ಟಿದ್ದು ಇಂಥದೇ ಮನೆಯಲ್ಲಿ, ಸೇರಿದ್ದೂ ಇಂಥದೇ ಮನೆಯನ್ನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು ಎಂಬ ಒಂದೇ ಪುಣ್ಯಕ್ಕೆ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಬೀದಿಯ ಅಂಗನವಾಡಿಗೆ ಟೀಚರ್ ಆದಳು. ಅಲ್ಲಿಂದ ಇಪ್ಪತ್ತಾರು ವರ್ಷ ಆ ಬೀದಿಯ ಒಂದೊಂದು ಕೂಸನ್ನೂ ತೂಗಿದ್ದಾಳೆ, ಅಳೆದಿದ್ದಾಳೆ, ಮೂಗು ಒರೆಸಿದ್ದಾಳೆ. ಯಾರ ಮಗ ಎಷ್ಟು ತಿಂಗಳಿಗೆ ಕತ್ತು ನಿಲ್ಲಿಸಿದ, ಯಾರ ಮಗಳು ಅಂಬೆಗಾಲು ಇಡದೆ ಸೀದಾ ನಡೆದಳು, ಎಲ್ಲ ಬಾಯಿಪಾಠ. ಈಗ ಮೀಸೆ ಬಂದಿರುವ ಗಂಡಸರಿಗೂ, "ಲೇ, ನೀನು ಎರಡು ವರ್ಷ ಆದ್ರೂ ನನ್ನ ಮಡ್ಲಲ್ಲೇ ಉಚ್ಚೆ ಹುಯ್ದೋನು ಕಣೋ" ಎಂದು ನಡುಬೀದಿಯಲ್ಲಿ ಹೇಳಿ ತಲೆ ತಗ್ಗಿಸುವಂತೆ ಮಾಡುತ್ತಿದ್ದಳು. ತನ್ನ ಕಣ್ಣು ತಪ್ಪಿಸಿ ಒಂದು ಮಗುವೂ ಹಿಂದೆ ಬಿದ್ದಿಲ್ಲ ಎಂಬ ಹೆಮ್ಮೆ ಅವಳಿಗಿತ್ತು. ಸ್ವಲ್ಪ ಜಾಸ್ತಿಯೇ ಇತ್ತು ಎನ್ನಬೇಕು.

ಆ ಹೆಮ್ಮೆ ಮುರಿದದ್ದು ಅಕ್ಷತಳಿಂದ.

ಅಕ್ಷತ ಮೂರನೆಯ ಮನೆಯ ದೇವೇಂದ್ರ ಮತ್ತು ಭಾನುಪ್ರಿಯಾರ ಮೊದಲ ಮಗಳು. ದೇವೇಂದ್ರ ರೇಷ್ಮೆ ಸೀರೆ ನೇಯುವವನು. ಭಾನುಪ್ರಿಯಾ ತ್ಯಾಮಗೊಂಡ್ಲು ಕಡೆಯ ತೋಟದ ಮನೆಯಿಂದ ಬಂದವಳು. ಮದುವೆಯಾದ ಹೊಸತರಲ್ಲಿ ಮಗ್ಗದ ಸದ್ದಿಗೆ ತಲೆನೋವು ಬಂದು ಅತ್ತವಳು. ಅವಳ ಮಗಳೋ, ಹುಟ್ಟಿದ ಹನ್ನೊಂದನೆಯ ದಿನದಿಂದಲೇ ಮಗ್ಗದ ಪಕ್ಕದ ತೊಟ್ಟಿಲಲ್ಲಿ ಸುಖವಾಗಿ ನಿದ್ದೆ ಹೊಡೆಯುತ್ತಿತ್ತು. ನೋಡಿದವರೆಲ್ಲ, "ಅಪ್ಪಟ ನೇಯ್ಗೆಯೋರ ಮನೆ ಕೂಸು" ಎಂದು ದೃಷ್ಟಿ ತೆಗೆದರು. ವರಲಕ್ಷ್ಮಮ್ಮನೂ ನೆಟಿಗೆ ಮುರಿದಳು.

ಮಗುವಿಗೆ ಒಂದೂಕಾಲು ವರ್ಷವಾದಾಗ ಭಾನುಪ್ರಿಯಾ ಅದನ್ನು ಸೊಂಟದಲ್ಲಿಟ್ಟುಕೊಂಡು ಅಂಗನವಾಡಿಗೆ ಬಂದಳು.

"ಟೀಚರ್, ಹಿಂದಿನಿಂದ ಕರೆದ್ರೆ ಇವ್ಳು ತಿರುಗೋದೇ ಇಲ್ಲ. ನಂಗ್ಯಾಕೋ ಭಯ."

ವರಲಕ್ಷ್ಮಮ್ಮ ನಕ್ಕಳು. "ನಿಮ್ಮ ತೋಟದಲ್ಲಿ ಗುಬ್ಬಿ ಕೂಗಿದ್ರೂ ಕೇಳುತ್ತೆ ಭಾನು. ಇದು ಮಗ್ಗದ ಮನೆ ಮಗು. ನೀನು ಕರೆಯೋದು ಇದ್ರ ಕಿವಿಗೆ ಯಾವ ಲೆಕ್ಕ?" ಆದರೂ ತಾಯಿಯ ಸಮಾಧಾನಕ್ಕೆಂದು ಮಗುವನ್ನು ನೆಲದ ಮೇಲೆ ಕೂರಿಸಿದಳು. ಸ್ಟೀಲಿನ ತಟ್ಟೆ ತಂದು ಮಗುವಿನ ಬೆನ್ನ ಹಿಂದೆ ನೆಲಕ್ಕೆ ಬಡಿದಳು. ಮಗು ತಟಕ್ಕನೆ ತಿರುಗಿ ನೋಡಿತು, ನಕ್ಕಿತು.

"ನೋಡಿದ್ಯಾ?" ಎಂದಳು ವರಲಕ್ಷ್ಮಮ್ಮ. ಮಕ್ಕಳ ಬೆಳವಣಿಗೆ ಗುರುತು ಹಾಕುವ ಪುಸ್ತಕ ತೆರೆದು, 'ಸದ್ದಿನ ಕಡೆ ತಿರುಗುತ್ತದೆ' ಎಂಬ ಸಾಲಿನ ಮುಂದೆ ಸರಿ ಗುರುತು ಹಾಕಿದಳು. ಭಾನುಪ್ರಿಯಾ ನಿಟ್ಟುಸಿರು ಬಿಟ್ಟು ಮನೆಗೆ ಹೋದಳು.

ಎರಡು ವರ್ಷವಾಯಿತು, ಮೂರಾಯಿತು, ಮಾತು ಬರಲಿಲ್ಲ. ದೇವೇಂದ್ರನೂ ಚಿಕ್ಕವನಿದ್ದಾಗ ತಡವಾಗಿಯೇ ಮಾತಾಡಿದ್ದನೆಂದು ಅವನ ತಾಯಿ ಮುನಿಗಂಗಮ್ಮ ಹೇಳುತ್ತಿದ್ದಳು. ಮಾತು ಬರಲಿ, ಆಮೇಲೆ ಅಂಗನವಾಡಿಗೆ ಕಳಿಸೋಣ, ಇಲ್ಲದಿದ್ದರೆ ಬೇರೆ ಮಕ್ಕಳು ಮೂಗಿ ಎಂದು ಗೇಲಿ ಮಾಡುತ್ತವೆ ಎಂದು ಮೊಮ್ಮಗಳನ್ನು ಮನೆಯಲ್ಲೇ ಇಟ್ಟುಕೊಂಡಳು. ಮನೆಯಲ್ಲಿ ಮಗುವಿಗೆ ಯಾವ ಕೊರತೆಯೂ ಕಾಣಲಿಲ್ಲ. ತೋಳು ತಟ್ಟಿದರೆ ತಿರುಗುತ್ತಿತ್ತು, ಬಾಯಿಗೆ ಬೆರಳು ಮಾಡಿದರೆ ಊಟಕ್ಕೆ ಬರುತ್ತಿತ್ತು. ಬೇರೆ ಊರಲ್ಲಾಗಿದ್ದರೆ ಒಂದೇ ವಾರಕ್ಕೆ ತಿಳಿಯುತ್ತಿತ್ತೇನೋ. ಎಲ್ಲರೂ ಕೈಯಲ್ಲೇ ಮಾತಾಡುವ ಬೀದಿಯಲ್ಲಿ ಕಿವಿ ಕೇಳದ ಮಗುವನ್ನು ಗುರುತಿಸುವವರು ಯಾರು?

ಅಕ್ಷತ ಅಂಗನವಾಡಿಗೆ ಬಂದಾಗ ನಾಲ್ಕು ವರ್ಷ ಮೂರು ತಿಂಗಳು. ಬಣ್ಣದ ಮಣಿಗಳನ್ನು ಸುರಿದರೆ ಐದು ನಿಮಿಷದಲ್ಲಿ ಕೆಂಪಿಗೆ ಕೆಂಪು, ಹಳದಿಗೆ ಹಳದಿ ಬೇರೆ ಮಾಡಿ ದಾರಕ್ಕೆ ಪೋಣಿಸುತ್ತಿದ್ದಳು. ಇಷ್ಟು ಚೂಟಿಯಾದ ಮಗುವಿಗೆ ಮಾತು ಬಾರದೆ ಎಲ್ಲಿಗೆ ಹೋದೀತು ಎಂದುಕೊಂಡಳು ವರಲಕ್ಷ್ಮಮ್ಮ.

ಎರಡನೆಯ ವಾರ, ಬೆಳಗಿನ ಹನ್ನೊಂದರ ಸುಮಾರಿಗೆ, ಕರೆಂಟು ಹೋಯಿತು. ಇಡೀ ಬೀದಿಯ ಮಗ್ಗಗಳು ಒಂದೇ ಏಟಿಗೆ ನಿಂತವು. ಆ ಬೀದಿಯವರಿಗೆ ಸದ್ದಿಗಿಂತ ಸದ್ದು ನಿಲ್ಲುವುದೇ ದೊಡ್ಡ ಸದ್ದು. ಉಳಿದ ಹದಿನಾಲ್ಕು ಮಕ್ಕಳೂ ತಲೆಯೆತ್ತಿ, "ಕರೆಂಟ್ ಹೋಯ್ತು!" ಎಂದು ಕೂಗಿದವು. ಅಕ್ಷತ ತಲೆಯೆತ್ತಲಿಲ್ಲ. ಮಣಿ ಪೋಣಿಸುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಏನೋ ನೆನಪಾದವಳ ಹಾಗೆ ದಾರ ಕೆಳಗಿಟ್ಟು, ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿದಳು. ಮತ್ತೆ ಮಣಿ ಎತ್ತಿಕೊಂಡಳು.

ವರಲಕ್ಷ್ಮಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಹಿಂದೆ ಹೋಗಿ ನಿಂತು ಕರೆದಳು. "ಅಕ್ಷತಾ." ಇನ್ನೂ ಜೋರಾಗಿ ಕರೆದಳು. ಬೇರೆ ಮಕ್ಕಳು ಗಾಬರಿಯಾಗಿ ಟೀಚರ್ ಮುಖ ನೋಡಿದವು. ಅಕ್ಷತ ಹಳದಿ ಮಣಿ ಹುಡುಕುತ್ತಿದ್ದಳು. ಅಂದು ತಟ್ಟೆ ಬಡಿದದ್ದು ನೆಲಕ್ಕೆ. ಮಗು ಕೂತಿದ್ದದ್ದೂ ಅದೇ ನೆಲದ ಮೇಲೆ. ಸದ್ದು ಕೇಳಿ ತಿರುಗಿದ್ದಲ್ಲ, ನೆಲದ ಅದುರಿಗೆ ತಿರುಗಿದ್ದು. ಅಷ್ಟು ವರ್ಷದ ಅನುಭವ ಅಂದು ಅದನ್ನು ಯೋಚಿಸಲಿಲ್ಲ.

ಬೆಂಗಳೂರಿನ ಆಸ್ಪತ್ರೆಗೆ ವರಲಕ್ಷ್ಮಮ್ಮ, ಭಾನುಪ್ರಿಯಾ, ಅಕ್ಷತ ಮೂವರೂ ಹೊರಟರು. ದೇವೇಂದ್ರ ಬರಲಿಲ್ಲ. ಮಗ್ಗದ ಮೇಲೆ ಸೀರೆಯಿದೆ ಎಂದ. ನಿಜವಾಗಿ ಭಯವಿತ್ತು. ಮಗುವನ್ನು ಮಲಗಿಸಿ, ತಲೆಗೆ ತಂತಿ ಅಂಟಿಸಿ ನೋಡಿದರು. ಎರಡೂ ಕಿವಿ ಪೂರ್ತಿ ಕೇಳುವುದಿಲ್ಲ, ಹುಟ್ಟಿನಿಂದಲೇ ಹೀಗೆ ಎಂದಳು ಡಾಕ್ಟರಮ್ಮ. ಚಿಕ್ಕ ವಯಸ್ಸಿನವಳು, ಮಾತು ಮೆತ್ತಗಿತ್ತು. ಅವಳು ಹೇಳಿದ್ದು ಇಷ್ಟು: ಮೊದಲ ಮೂರು ವರ್ಷ ಮಗುವಿನ ಮೆದುಳು ಭಾಷೆಗಾಗಿ ಬಾಯಿ ತೆರೆದು ಕೂತಿರುತ್ತದೆ. ಆಗ ಕೊಟ್ಟದ್ದು ದಕ್ಕುತ್ತದೆ. ಆಗಲೇ ಬಂದಿದ್ದರೆ ಕಿವಿಗೆ ಮಿಷನ್ನೋ ಆಪರೇಶನ್ನೋ ಮಾಡಿ ಮಾತು ಕಲಿಸುವ ದಾರಿ ಸಲೀಸಾಗಿತ್ತು. ಈಗಲೂ ಆಪರೇಶನ್ ಆದೀತು, ಆದರೆ ಮಾತು ಎಷ್ಟು ಬರುತ್ತದೆ ಎಂದು ಭರವಸೆ ಕೊಡಲಾರೆ.

"ನಂಗೆ ಒಂದೂಕಾಲು ವರ್ಷಕ್ಕೇ ಅನುಮಾನ ಬಂದಿತ್ತು ಮೇಡಂ" ಎಂದಳು ಭಾನುಪ್ರಿಯಾ.

"ಮತ್ತೆ ಯಾಕಮ್ಮ ಸುಮ್ನಿದ್ರಿ? ಏನೂ ಇಲ್ಲ ಅಂತ ಯಾರು ಹೇಳಿದ್ದು?"

ವರಲಕ್ಷ್ಮಮ್ಮ ಪಕ್ಕದ ಕುರ್ಚಿಯಲ್ಲೇ ಇದ್ದಳು. ಮಡಿಲಲ್ಲಿ ಅಕ್ಷತ ಇನ್ನೂ ಮಂಪರಿನಲ್ಲಿದ್ದಳು. ಭಾನುಪ್ರಿಯಾ ಇವಳತ್ತ ತಿರುಗಲೂ ಇಲ್ಲ.

"ಮನೇಲಿ ದೊಡ್ಡೋರು" ಎಂದಳು.

ಆಗ ಬಾಯಿ ಬಿಡಬೇಕಿತ್ತು. ಏನೂ ಇಲ್ಲ ಅಂತ ನಾನೇ ಹೇಳಿದ್ದು ಎನ್ನಲು ಎಷ್ಟು ಹೊತ್ತು ಬೇಕು? ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗುವ ಹೆಂಗಸು ಅಲ್ಲಿ ತುಟಿ ಬಿಚ್ಚಲಿಲ್ಲ. ಡಾಕ್ಟರಮ್ಮ ಏನೋ ಬರೆದುಕೊಂಡು ಮುಂದಿನ ಮಾತಿಗೆ ಹೋದಳು.

ವಾಪಸಾಗುವಾಗ ಬಸ್ಸು ಯಲಹಂಕ ದಾಟಿದ ಮೇಲೆ ವರಲಕ್ಷ್ಮಮ್ಮ ಕೇಳಿದಳು. "ನನ್ನ ಹೆಸರು ಯಾಕೆ ಹೇಳ್ಲಿಲ್ಲ ಭಾನು?"

ಭಾನುಪ್ರಿಯಾ ಕಿಟಕಿಯ ಹೊರಗೇ ನೋಡುತ್ತಿದ್ದಳು. "ಹೇಳಿ ಏನ್ಮಾಡ್ಲಿ ಟೀಚರ್? ನಾಳೆ ಬೆಳಿಗ್ಗೆ ಇವಳನ್ನ ನಿಮ್ಮ ಹತ್ರಾನೇ ಬಿಡ್ಬೇಕಲ್ಲ."

ಅದು ಕ್ಷಮೆಯಲ್ಲ ಎಂದು ವರಲಕ್ಷ್ಮಮ್ಮನಿಗೆ ಗೊತ್ತಾಯಿತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆಯಲ್ಲಿ ದೇವೇಂದ್ರ ಮಗ್ಗ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ, "ಎಳೆ ಕಿತ್ತೋದ ತಕ್ಷಣ ಮಗ್ಗ ನಿಲ್ಸಿ ಗಂಟು ಹಾಕ್ಬೇಕು ಟೀಚರ್. ನಾವು ನಾಲ್ಕು ವರ್ಷ ಹಂಗೇ ನೇಯ್ಕೊಂಡು ಹೋಗ್ಬಿಟ್ವಿ" ಎಂದ. ಆಪರೇಶನ್ ಬೇಡ ಎಂದು ತೀರ್ಮಾನವಾಗುವುದಕ್ಕೆ ಮೂರು ತಿಂಗಳು ಹಿಡಿಯಿತು. ಕಿವಿಗೆ ಮಿಷನ್ ಬಂತು. ಅದರಿಂದ ಗುಡುಗಿನಂಥ ಸದ್ದು ಮಾತ್ರ ತಿಳಿಯುತ್ತಿತ್ತು.

ವರಲಕ್ಷ್ಮಮ್ಮ ಹಳೆಯ ಪುಸ್ತಕ ತೆಗೆದುಕೊಂಡು ಸೂಪರ್‌ವೈಸರ್ ಮಮತಾ ಮೇಡಂ ಬಳಿ ಹೋಗಿ, ಆ ಗುರುತು ತಪ್ಪು, ಹೊಡೆದುಹಾಕಬೇಕು ಎಂದಳು. "ಮೂರು ವರ್ಷದ ಹಿಂದಿನ ಪುಸ್ತಕ ಈಗ್ಯಾರು ಕೇಳ್ತಾರೆ, ಸುಮ್ನೆ ಇಟ್ಬಿಡಿ" ಎಂದಳು ಮಮತಾ. ಸರ್ಕಾರಕ್ಕೆ ಬೇಡವಾದ ತಪ್ಪನ್ನು ವರಲಕ್ಷ್ಮಮ್ಮ ಮತ್ತೆ ಚೀಲದಲ್ಲಿಟ್ಟುಕೊಂಡು ಮನೆಗೆ ತಂದಳು. ಈಗಲೂ ಅದು ಅವಳ ಬೀರುವಿನಲ್ಲೇ ಇದೆ.

ಐವತ್ತರ ಮೇಲೆ ಅವಳು ಕಲಿಯಲು ಕೂತಳು. ವಾರಕ್ಕೆರಡು ದಿನ ಭಾನುಪ್ರಿಯಾಳ ಜೊತೆ ಬಸ್ಸು ಹತ್ತಿ ಆಸ್ಪತ್ರೆಯ ತರಬೇತಿಗೆ ಹೋದಳು. ಮಗುವಿನ ಕಣ್ಣಿನ ಮಟ್ಟಕ್ಕೆ ಕೂರಬೇಕು, ಬೆಳಕು ನಮ್ಮ ಮುಖದ ಮೇಲಿರಬೇಕು. ಮಗು ಯಾವುದನ್ನು ನೋಡುತ್ತಿದೆಯೋ ಅದರ ಹೆಸರನ್ನೇ ಹೇಳಬೇಕು, ಕೈಯಲ್ಲೂ ತೋರಿಸಬೇಕು. ಆಮೇಲೆ ಕಾಯಬೇಕು. ಈ ಕಾಯುವುದೊಂದು ಅವಳಿಗೆ ಒಗ್ಗಲೇ ಇಲ್ಲ. ಮಗು ಉತ್ತರಿಸುವ ಮೊದಲೇ ತಾನೇ ಹೇಳಿಬಿಡುವ ಚಾಳಿ. ಕಲಿಸುವ ಹುಡುಗಿ ಎಷ್ಟೋ ಸಲ ಇವಳ ಮೊಣಕೈ ಹಿಡಿದು ತಡೆಯುತ್ತಿದ್ದಳು. ಅಕ್ಷತ ಮಾತ್ರ ಕೈಭಾಷೆಯನ್ನು ಬಾಯಾರಿದ ದನ ನೀರು ಕುಡಿದಂತೆ ಕುಡಿದಳು. ನೀರು, ಬಸ್ಸು, ಅಜ್ಜಿ, ಕೋಪ, ನಾಳೆ. ನಾಳೆ ಎಂಬುದು ಅವಳಿಗೆ ತಿಳಿದ ದಿನ ಭಾನುಪ್ರಿಯಾ ಬಸ್ ಸ್ಟ್ಯಾಂಡಿನಲ್ಲೇ ಅತ್ತುಬಿಟ್ಟಳು. ಬಾಯಿಂದ ಅಮ್ಮ ಎಂಬ ಮಾತು ಮಾತ್ರ ಬರಲಿಲ್ಲ.

ಅಂಗನವಾಡಿಯಲ್ಲೂ ಒಂದು ಹೊಸ ಪದ್ಧತಿ ಬಂತು. ಎಳೆಗೂಸುಗಳ ಕಿವಿ ನೋಡುವುದು ಕರೆಂಟು ಹೋದಾಗ ಮಾತ್ರ, ಅದೂ ತಾಯಿಯ ಮಡಿಲಲ್ಲಿ, ನೆಲ ಮುಟ್ಟದ ಹಾಗೆ. ಬೀದಿಯಲ್ಲಿ ಎಲ್ಲರೂ ಕರೆಂಟು ಹೋಯಿತೆಂದು ಶಾಪ ಹಾಕುತ್ತಿದ್ದರೆ ವರಲಕ್ಷ್ಮಮ್ಮ ಗಿಲಕಿ ಹಿಡಿದುಕೊಂಡು ಮನೆಯಿಂದ ಮನೆಗೆ ಓಡುತ್ತಿದ್ದಳು. "ಬಂದ್ಲಪ್ಪ ಕತ್ತಲೆ ಟೀಚರ್ರು" ಎಂದು ಗಂಡಸರು ನಗುತ್ತಿದ್ದರು. ನಗಲಿ ಬಿಡಿ.

ಒಂದೂವರೆ ವರ್ಷ ಕಳೆಯಿತು. ಭಾನುಪ್ರಿಯಾಳಿಗೆ ಇನ್ನೊಂದು ಹೆಣ್ಣುಮಗುವಾಗಿತ್ತು, ದಿವ್ಯ ಎಂದು ಹೆಸರು. ಹುಟ್ಟಿದ ಆಸ್ಪತ್ರೆಯಲ್ಲೇ ಕಿವಿ ಪರೀಕ್ಷೆ ಮಾಡಿ ಸರಿಯಿದೆ ಎಂದಿದ್ದರು. ಮಗುವಿಗೆ ಆರು ತಿಂಗಳಿದ್ದಾಗ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಕರೆಂಟು ಹೋದ ಗಳಿಗೆಗೆ ಭಾನುಪ್ರಿಯಾ ಅದನ್ನೆತ್ತಿಕೊಂಡು ಅಂಗನವಾಡಿಯ ಬಾಗಿಲಲ್ಲಿ ನಿಂತಳು.

"ಆಸ್ಪತ್ರೆಯವ್ರೇ ಹೇಳಿದಾರಲ್ಲ ಭಾನು. ನನ್ನ ಮಾತು ನಂಬ್ಬೇಡ" ಎಂದಳು ವರಲಕ್ಷ್ಮಮ್ಮ.

"ನಿಮ್ಮನ್ನಲ್ಲ ಟೀಚರ್. ಮಗ್ಗ ನಿಂತಿದೆಯಲ್ಲ, ಅದನ್ನ ನಂಬ್ಕೊಂಡು ಬಂದೆ."

ಭಾನುಪ್ರಿಯಾ ಕುರ್ಚಿಯ ಮೇಲೆ ಕೂತು ಮಗುವನ್ನು ಮಡಿಲಲ್ಲಿ ಇಟ್ಟುಕೊಂಡಳು. ಶಾಲೆಗೆ ಹೋಗಲು ಇನ್ನು ಮೂರೇ ತಿಂಗಳಿದ್ದ ಅಕ್ಷತ ಅಮ್ಮನ ಎದುರಿಗೆ ಬಂದು ನಿಂತು ಎಲ್ಲರ ಮುಖವನ್ನೂ ಗಮನಿಸುತ್ತಿದ್ದಳು. ವರಲಕ್ಷ್ಮಮ್ಮ ಹಿಂದೆ ನಿಂತು, ಚಪ್ಪಲಿ ಬಿಟ್ಟ ಕಾಲನ್ನೂ ಅಲುಗಿಸದೆ, ಮೆಲ್ಲಗೆ ಕರೆದಳು.

"ದಿವ್ಯಾ."

ಮಗು ತಲೆ ತಿರುಗಿಸಿತು. ಇವಳನ್ನು ಹುಡುಕಿ, ಕಂಡುಹಿಡಿದು, ಬೊಚ್ಚುಬಾಯಿ ಬಿಟ್ಟು ನಕ್ಕಿತು. ಭಾನುಪ್ರಿಯಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು, ಮಗುವಿನ ಕೆನ್ನೆಗೆ ಮುತ್ತಿಟ್ಟಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು.

ಅಕ್ಷತ ತಂಗಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು. ಆಟ ಅವಳಿಗೆ ಅರ್ಥವಾಯಿತು. ಅವಳು ಓಡಿಬಂದು ಅಮ್ಮನ ಮೊಣಕಾಲಿಗೆ ಒರಗಿ, ವರಲಕ್ಷ್ಮಮ್ಮನಿಗೆ ಬೆನ್ನು ಹಾಕಿ ನಿಂತಳು. ಯಾರೂ ಕರೆಯಲಿಲ್ಲ. ಸ್ವಲ್ಪ ಕಾದು, ತಟಕ್ಕನೆ ತಲೆ ತಿರುಗಿಸಿ, ಟೀಚರನ್ನು ನೋಡಿ ನಕ್ಕಳು. ಆಮೇಲೆ ತನಗೂ ಮುತ್ತು ಸಿಗುತ್ತದೆಂದು ಅಮ್ಮನ ಕಡೆಗೆ ಕೆನ್ನೆ ಚಾಚಿದಳು.

ಅಂದು ತಟ್ಟೆ ಬಡಿದಾಗ ತಿರುಗಿದ್ದಳಲ್ಲ, ಥೇಟ್ ಹಾಗೆಯೇ ತಿರುಗಿದ್ದಳು. ಪುಸ್ತಕ ಕೈಯಲ್ಲಿದ್ದ ಯಾರೇ ಆದರೂ ಸರಿ ಎಂದೇ ಬರೆದುಕೊಳ್ಳುತ್ತಿದ್ದರು. ವರಲಕ್ಷ್ಮಮ್ಮ ಅವಳ ಮುಂದೆ, ಕಣ್ಣಿನ ಮಟ್ಟಕ್ಕೆ, ಕುಕ್ಕರುಗಾಲಿನಲ್ಲಿ ಕೂತಳು. ತಪ್ಪು ನನ್ನದು ಎಂದು ಕೈಯಲ್ಲಿ ಹೇಗೆ ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು, ಮಗ್ಗಗಳು ಶುರುವಾದವು. ಅಕ್ಷತ ಬಗ್ಗಿ ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿ, ಬಂತು ಬಂತು ಎಂದು ಟೀಚರಿಗೆ ಕೈಯಲ್ಲಿ ಹೇಳಿದಳು.