ಮತ್ತಿ ಮರದ ಕೆಳಗಿನ ಬಾಟಲಿ

ಕೋಪ ನನಗೆ ಮೂಗಿನ ತುದಿಯಲ್ಲೇ. ಆ ಮಳೆಗಾಲದಲ್ಲಂತೂ ಮೋಡ ಕಂಡರೂ ಸಿಡುಕುತ್ತಿದ್ದೆ. ಬಂಡೀಪುರದ ಅಂಚಿನ ಮರಗಳು ಬಿದ್ದ ಮಳೆಯಲ್ಲಿ ಎಷ್ಟನ್ನು ನೆಲಕ್ಕೆ ಬಿಡದೆ ಎಲೆಯಲ್ಲೇ ತಡೆದಿಟ್ಟುಕೊಳ್ಳುತ್ತವೆ ಎಂಬುದು ನನ್ನ ಪಿಎಚ್‌ಡಿ ವಿಷಯ. ನೀರಿನಲ್ಲೂ ತುಸು ಹಗುರದ್ದು, ತುಸು ಭಾರದ್ದು ಇರುತ್ತದೆ. ಐಸೊಟೋಪ್ ಲೆಕ್ಕವೆಂದರೆ ಅದೇ. ಎಲೆಯ ಮೇಲಿನ ನೀರು ಆರುವಾಗ ಹಗುರದ್ದು ಮೊದಲು ಹಾರಿ, ಉಳಿದದ್ದು ಭಾರವಾಗಿ ತೊಟ್ಟಿಕ್ಕುತ್ತದೆ. ಅದಕ್ಕೇ ಬಯಲಲ್ಲೊಂದು, ಮತ್ತಿ ಮರದ ಕೆಳಗೊಂದು ಆಲಿಕೆ ನೆಟ್ಟಿದ್ದೆ.

ವಾರಕ್ಕೊಮ್ಮೆ ಚಾಮರಾಜನಗರದಿಂದ ಬಂದು ಬಾಟಲಿಗಳನ್ನು ಒಯ್ಯುತ್ತಿದ್ದೆ. ಮಳೆ ಬಂದಾಗಲೆಲ್ಲ ಆಲಿಕೆಯ ಕೆಳಗೆ ಬಾಟಲಿಯಿಟ್ಟು ನೀರು ಹಿಡಿಯುವ ಕೆಲಸ ಬೇಗೂರಿನಾಚೆಯ ಕಾಡಂಚಿನ ಊರಿನ ಒಬ್ಬ ಅಕ್ಕನದು. ಅವರಿಗೆ ನಾನು ಹೇಳಿದ್ದು ಎರಡೇ ಮಾತು: ನೀರು ಕ್ಲೀನಾಗಿರಬೇಕು, ಮುಚ್ಚಳ ಬಿಗಿಯಾಗಿರಬೇಕು.

ಲ್ಯಾಬಿನಿಂದ ಬಂದ ಅಂಕಿಗಳು ತಲೆಕೆಳಗಾಗಿದ್ದವು. ಪ್ರತಿ ಮಳೆಯಲ್ಲೂ ಮರದಡಿಯ ನೀರೇ ಬಯಲಿನದಕ್ಕಿಂತ ಹಗುರ. "ಆಕೆ ಮನೇಲಿ ಕೂತು ಕೊಳಾಯಿ ನೀರು ತುಂಬಿಸ್ತಿರಬೇಕು. ಬೇರೆಯವರನ್ನ ನೋಡಿ," ಎಂದರು ನನ್ನ ಪಿಎಚ್‌ಡಿ ಗೈಡ್ ಫೋನಿನಲ್ಲಿ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ, ನಾನೂ ನಂಬಿದೆ. ಅವರನ್ನು ಕೆಲಸದಿಂದ ಬಿಡಿಸಲೆಂದೇ ಮರುದಿನ ಬಸ್ಸು ಹತ್ತಿದೆ.

ನಾನು ತಲುಪುವಾಗ ಮಳೆ ಆಗಷ್ಟೇ ಶುರುವಾಗಿತ್ತು. ಅಕ್ಕ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಮರದ ಕೆಳಗೇ ನಿಂತಿದ್ದರು. ಆಲಿಕೆಯಿಂದ ಇಳಿದ ನೀರನ್ನು ಸ್ವಲ್ಪ ಹೊತ್ತು ನೆಲಕ್ಕೆ ಹರಿಯಬಿಟ್ಟು, ಆಮೇಲೆ ಬಾಟಲಿ ಇಟ್ಟರು.

"ಅದ್ಯಾಕಕ್ಕ ಚೆಲ್ತಿದ್ದೀರಿ?" ನನ್ನ ದನಿ ಜೋರಾಗಿಯೇ ಇತ್ತು.

"ಮೊದಲ್ನೇ ನೀರ ಯಾರಾರ ಇಡ್ಕತಾರಾ ಅವ್ವ? ಎಲೆ ಮೇಲಿನ ಗಲೀಜೆಲ್ಲ ತೊಳ್ಕಂಡು ಓಗ್ಲಿ ಅಂತ ಬುಟ್ಟೆ. ಕ್ಲೀನಾಗಿರ್ಬೇಕು ಅಂತ ನೀವೇ ಏಳಿದ್ರಲ್ಲ. ಬಯಲಲ್ಲಾದ್ರೆ ಸೀದಾ ಆಕಾಸದ್ ನೀರು, ಅದ್ನ ಚೆಲ್ಲಕಿಲ್ಲ."

ಮಳೆಯ ಮೊದಲ ಪಾಲಿನಲ್ಲೇ ಭಾರದ ನೀರು ಹೆಚ್ಚು. ನಾನು ಹುಡುಕುತ್ತಿದ್ದುದನ್ನೇ ಅವರು ಶ್ರದ್ಧೆಯಿಂದ ಚೆಲ್ಲುತ್ತಿದ್ದರು. ನಮ್ಮ ಮನೆಯಲ್ಲೂ ತಾರಸಿಯ ಮೊದಲ ನೀರನ್ನು ಅಮ್ಮ ಹಾಗೇ ಬಿಡುತ್ತಿದ್ದಳು. ಆ ರೂಢಿ ಗೊತ್ತಿದ್ದೂ, ನೀರು ಹೇಗೆ ಹಿಡಿಯುತ್ತೀರಿ ಎಂದು ಅಕ್ಕನನ್ನು ನಾನು ಕೇಳಿರಲಿಲ್ಲ. ತಪ್ಪು ನನ್ನದೇ ಎಂದು ಅಲ್ಲೇ ನಿಂತು ಗೈಡ್‌ಗೆ ಫೋನ್ ಮಾಡಿದೆ.

ಮುಂದಿನ ಮಳೆಯಿಂದ ಎರಡೂ ಕಡೆ ಎರಡೆರಡು ಬಾಟಲಿ ಇಟ್ಟೆವು: ಮೊದಲ ನೀರಿಗೊಂದು, ಆಮೇಲಿನದಕ್ಕೊಂದು. ಎಲೆಗಳು ಮಳೆಯನ್ನು ತಡೆದ ಗುರುತು ಮೊದಲ ನೀರಿನಲ್ಲೇ ಸ್ಪಷ್ಟವಾಗಿ ಸಿಕ್ಕಿತು. ಇದನ್ನೇ ಒಂದು ಅಧ್ಯಾಯ ಮಾಡಿ ಎಂದರು ಗೈಡ್.

ಆ ಸುದ್ದಿ ಹೇಳಲು ಹೋದವಳು, ಅನುಮಾನಪಟ್ಟದ್ದನ್ನೂ ಒಪ್ಪಿಕೊಂಡೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಅಕ್ಕ ಕೈಲಿದ್ದ ಬಾಟಲಿಯ ಮುಚ್ಚಳ ಬಿಗಿದರು. "ಕೊಳಾಯಿ ನೀರಾ? ನಮ್ಮೂರಿಗೆ ಅದು ಬರೋದೇ ಮೂರ್ ದಿನಕ್ಕೊಂದ್ಸಲ. ಬಂದ ನೀರ ಮನೆಗಿಡ್ಕಳ್ದೆ ನಿಮ್ ಬಾಟ್ಲಿಗೆ ತುಂಬ್ತೀನಾ?" ಎಂದು ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: "ಇನ್ನೊಂದ್ಸಲ ಅನುಮಾನ ಬಂದ್ರೆ ನನ್ನೇ ಕೇಳಿ ಅವ್ವ. ನಾ ಇಲ್ಲೇ ಇರ್ತೀನಲ್ಲ."